ತಿರುಮಣಿ ದಾರಿಯ ತರಗತಿಯಲ್ಲಿ ಒಂದು ಎಕರೆಯ ಲೆಕ್ಕ

ಪಾವಗಡ ಪಟ್ಟಣ ಬಿಟ್ಟು ತಿರುಮಣಿಯ ಕಡೆಗೆ ಹೊರಟರೆ ಕೋಟೆ ಬೆಟ್ಟ ಬಹಳ ಹೊತ್ತು ಬೆನ್ನಿಗೇ ಇರುತ್ತದೆ. ದಾರಿಯ ಎರಡೂ ಬದಿಗೆ ಕಡಲೆಕಾಯಿ ಹೊಲ, ಹುಣಸೆ ಮರ, ಬಂಡೆ, ಕುರಿಮಂದೆ. ತಾಲ್ಲೂಕು ತುಮಕೂರು ಜಿಲ್ಲೆಯದಾದರೂ ಸುತ್ತ ಬಹುಪಾಲು ಆಂಧ್ರವೇ ಇರುವುದರಿಂದ ಬಸ್ಸಿನೊಳಗಿನ ಮಾತು ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಸಲೀಸಾಗಿ ಹೊರಳುತ್ತದೆ. ಮುಂದೆ ಒಂದು ಕಡೆ ಹೊಲಗಳು ನಿಂತು ಸೌರ ಫಲಕಗಳ ಸಾಲು ಶುರುವಾಗುತ್ತದೆ. ಆಮೇಲೆ ಕಣ್ಣು ಹಾಯುವಷ್ಟು ದೂರವೂ ಅದೇ.

ಇದು ‘ಶಕ್ತಿಸ್ಥಳ’, 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ಇದರ ಬೇಲಿಯೊಳಗಿದೆ. ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ ಪೂರ್ತಿ ಸಾಮರ್ಥ್ಯಕ್ಕೆ ಬಂತು. ಜಮೀನನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಈ ಎರಡು ಸಾಲಿನ ಷರತ್ತನ್ನು ಇಟ್ಟುಕೊಂಡು ಹದಿನಾಲ್ಕು, ಹದಿನೈದು ವಯಸ್ಸಿನ ಮಕ್ಕಳು ಏನೆಲ್ಲ ಕಲಿಯಬಹುದು ಎಂದು ನೋಡಲು ಈ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ಶಾಲೆಯ ಹೆಸರನ್ನೂ ಮಕ್ಕಳ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಚರ್ಚೆಗೆ ಬಂದದ್ದು ಅವರವರ ಮನೆಯ ಜಮೀನು, ಅವರವರ ಮನೆಯ ಸಾಲ.

ಗೇಟು ದಾಟಿದರೆ ಧ್ವಜಸ್ತಂಭ, ಬೇವಿನ ಮರ, ಬಿಸಿಯೂಟದ ಕೋಣೆ. ಎಡಕ್ಕೆ ಕಂಪ್ಯೂಟರ್ ಕೋಣೆ. ಯುಪಿಎಸ್ ಬ್ಯಾಟರಿ ಸತ್ತುಹೋಗಿದೆ, ಕೆಲವು ಕಂಪ್ಯೂಟರ್‌ಗಳ ಮೇಲೆ ಬಟ್ಟೆ ಹೊದಿಸಿದ್ದಾರೆ. ಕೆಲಸ ಮಾಡುವ ಯಂತ್ರಗಳ ಮುಂದೆ ಪ್ರಾರ್ಥನೆಗೆ ಮೊದಲೇ ಕೆಲವು ಮಕ್ಕಳು ಕೂತಿದ್ದರು. ಹಿಂದಿನ ರಾತ್ರಿ ಮನೆಯಲ್ಲಿ ಫೋನ್ ಸಿಗದವರು ಬೇಗ ಬಂದು ಇಲ್ಲಿ ಪಾಠ ಕೇಳಿಸಿಕೊಳ್ಳಬೇಕೆಂದು ನಿಯಮ. “ನಮ್ಮಪ್ಪ ಕೆಲಸ ಮುಗಿಸ್ಕೊಂಡು ಬರೋದೇ ಒಂಬತ್ತೂವರೆಗೆ. ಫೋನ್ ಅವರ ಜೇಬಲ್ಲೇ ಇರ್ತದೆ. ಬಂದ್ಮೇಲೆ ಚಾರ್ಜು ಇರಲ್ಲ ಸಾರ್,” ಎಂದಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಹುಡುಗಿ.

2024ರ ‘ಅಸರ್’ ಶಿಕ್ಷಣ ಸಮೀಕ್ಷೆಯ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಮನೆಯಲ್ಲಿ ಫೋನ್ ಇರುವುದಕ್ಕೂ ಮಗುವಿನ ಕೈಗೆ ಅದು ಅರ್ಧ ಗಂಟೆ ಬರುವುದಕ್ಕೂ ಇರುವ ದೂರ ಈ ಕೋಣೆಯಲ್ಲಿ ಕೂತರೆ ತಿಳಿಯುತ್ತದೆ. ಮನೆಯಲ್ಲಿ ವಿಡಿಯೊ ನೋಡಿ ಬನ್ನಿ, ಶಾಲೆಯಲ್ಲಿ ಚರ್ಚೆ ಮಾಡೋಣ ಎಂದು ಹೇಳಿ ಸುಮ್ಮನಾಗುವ ಶಿಕ್ಷಕರು ಈ ದೂರವನ್ನು ಮಕ್ಕಳ ತಲೆಗೆ ಹೊರಿಸುತ್ತಾರೆ. ಇಲ್ಲಿಯವರು ಹಾಗೆ ಮಾಡಿಲ್ಲ. ಮಕ್ಕಳನ್ನು ಬೀದಿವಾರು ಗುಂಪು ಮಾಡಿದ್ದಾರೆ, ಪ್ರತಿ ಗುಂಪಿಗೆ ಫೋನ್ ಬಿಟ್ಟುಕೊಡುವ ಒಂದು ಮನೆ ಇದೆ. ಶಾಲೆ ಮುಚ್ಚಿದ್ದ 2020ರಲ್ಲಿ ವಿದ್ಯಾಗಮ ಕಾರ್ಯಕ್ರಮ ನಡೆದಾಗ ದೇವಸ್ಥಾನದ ಜಗಲಿಯಲ್ಲಿ, ಮರದಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡಿದ್ದೆವಲ್ಲ, ಆ ಪಟ್ಟಿಯನ್ನೇ ತಿದ್ದಿ ಬಳಸಿದ್ದೇವೆ ಎಂದರು ಸಮಾಜ ವಿಜ್ಞಾನದ ಮೇಷ್ಟ್ರು.

ಅವರ ಮೇಜಿನ ಮೇಲೆ ಎರಡು ಪುಟದ ಒಂದು ಹಾಳೆ ಇತ್ತು. ಅದೇ ಈ ವಾರದ ಪ್ರಕರಣ. 2016ನೇ ಇಸವಿ. ಒಬ್ಬ ರೈತನಿಗೆ ಆರು ಎಕರೆ ಖುಷ್ಕಿ ಜಮೀನು, ಬತ್ತಿದ ಎರಡು ಬೋರ್‌ವೆಲ್, ಸೊಸೈಟಿಯಲ್ಲಿ ಸಾಲ, ಪಿಯುಸಿ ಓದುವ ಮಗಳು. ಅವನ ಹೊಲದಲ್ಲಿ ಕಡಲೆಕಾಯಿ ಕೀಳಲು ಬರುವ ಗಂಡ ಹೆಂಡತಿಗೆ ಸ್ವಂತ ಜಮೀನಿಲ್ಲ. ಬೆಳೆ ಕಟಾವಾದ ಮೇಲೆ ಅದೇ ಹೊಲದಲ್ಲಿ ಕುರಿ ಬಿಡುವ ಒಬ್ಬ ಮುದುಕ ಇದ್ದಾನೆ. ಸೋಲಾರ್ ಪಾರ್ಕಿಗೆ ಜಮೀನು ಕೊಡುವಿರಾ ಎಂದು ಕೇಳಲು ಅಧಿಕಾರಿಗಳು ಬರುತ್ತಾರೆ, ಸಹಿಗೆ ಎಂಟು ದಿನ ಗಡುವು. ಹಾಳೆ ಅಲ್ಲಿಗೆ ನಿಲ್ಲುತ್ತದೆ. ರೈತ ಏನು ಮಾಡಿದ ಎಂಬುದು ಅದರಲ್ಲಿಲ್ಲ. ಪಾತ್ರಗಳು ಮೇಷ್ಟ್ರು ಕಟ್ಟಿದವು, ಷರತ್ತುಗಳು ಮಾತ್ರ ನಿಜದವು.

ಹೀಗೆ ತೀರ್ಮಾನದ ಬಾಗಿಲಿಗೆ ತಂದು ನಿಲ್ಲಿಸಿ ಕಲಿಸುವ ಪದ್ಧತಿ ದೊಡ್ಡವರ ಕಾಲೇಜುಗಳಲ್ಲಿ ಹುಟ್ಟಿದ್ದು. ಕ್ರಿಸ್ಟಫರ್ ಕೊಲಂಬಸ್ ಲ್ಯಾಂಗ್‌ಡೆಲ್ 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಗೆ ಡೀನ್ ಆಗಿ ಬಂದು, ನಿಯಮ ಒಪ್ಪಿಸುವುದನ್ನು ಬಿಡಿಸಿ ನ್ಯಾಯಾಲಯದ ತೀರ್ಪುಗಳನ್ನೇ ವಿದ್ಯಾರ್ಥಿಗಳ ಮುಂದಿಟ್ಟರು. ಅಲ್ಲಿಯ ವ್ಯವಹಾರ ಶಾಲೆ ಅದನ್ನು ವ್ಯಾಪಾರಕ್ಕೆ ಒಗ್ಗಿಸಿತು. ಅದೇ ಸಂಸ್ಥೆಯ ಡೇವಿಡ್ ಮಾಸ್ 2015ರಿಂದೀಚೆಗೆ ಅಮೆರಿಕದ ಹೈಸ್ಕೂಲುಗಳಲ್ಲಿ ಇತಿಹಾಸ ಮತ್ತು ಪೌರನೀತಿಯನ್ನು ಪ್ರಕರಣಗಳ ಮೂಲಕ ಕಲಿಸುವ ಯೋಜನೆ ನಡೆಸಿದರು. ಇನ್ನೊಂದು ಕಡೆ, ಕೊಲರಾಡೊದ ವುಡ್‌ಲ್ಯಾಂಡ್ ಪಾರ್ಕ್ ಹೈಸ್ಕೂಲಿನ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು, ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್, 2007ರ ಸುಮಾರಿಗೆ ಪಾಠವನ್ನು ವಿಡಿಯೊ ಮಾಡಿ ಮನೆಗೆ ಕಳಿಸಿ, ತರಗತಿಯ ಸಮಯವನ್ನು ಮಕ್ಕಳ ಜೊತೆ ಕೂತು ಕೆಲಸ ಮಾಡಲು ಉಳಿಸಿಕೊಂಡರು. ಪರದೆಯ ಮೇಲಿನ ಪಾಠವನ್ನೂ ಎದುರುಬದುರು ಪಾಠವನ್ನೂ ಬೆರೆಸುವ ಸಂಯೋಜಿತ ಕಲಿಕೆಯ ಹಲವು ರೂಪಗಳಲ್ಲಿ ಇದು ಒಂದು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಸಂಯೋಜಿತ ಕಲಿಕೆಯ ಪ್ರಸ್ತಾಪವಿದೆ.

ಪ್ರಕರಣ, ವಿಡಿಯೊ ಎರಡನ್ನೂ ಜೋಡಿಸಬೇಕಾದ ಕಾರಣ 40 ನಿಮಿಷದ ಪಿರಿಯಡ್ಡಿನಲ್ಲೇ ಇದೆ. ಹಾಜರಿಗೆ ಐದು ನಿಮಿಷ ಹೋಯಿತು. ಗುತ್ತಿಗೆ ಎಂದರೇನು, ಪಹಣಿ ಎಂದರೇನು, ಮೆಗಾವಾಟ್ ಎಂದರೇನು ಎಂದು ಹೇಳುವಷ್ಟರಲ್ಲಿ ಇಪ್ಪತ್ತು ನಿಮಿಷ ಮುಗಿಯಿತು. ಉಳಿದದ್ದರಲ್ಲಿ ಹಾಳೆ ಓದಬೇಕು. ಚರ್ಚೆ ಶುರುವಾಗುವ ಹೊತ್ತಿಗೆ ಗಂಟೆ. ಮೊದಲ ವರ್ಷ ಹೀಗೇ ಆಗುತ್ತಿತ್ತು ಎಂದು ಮೇಷ್ಟ್ರು ಹೇಳಿದರು. ಅದೇ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಗಣಿತದ ಮೇಡಂ ವಿಡಿಯೊ ಕಳಿಸುತ್ತಿದ್ದರು; ಮಕ್ಕಳು ನೋಡುತ್ತಿದ್ದರು, ಮರೆಯುತ್ತಿದ್ದರು. ನೋಡಿದ್ದನ್ನು ಮರುದಿನ ಯಾವುದಕ್ಕೂ ಬಳಸುವಂತಿರಲಿಲ್ಲ. ಪ್ರಕರಣಕ್ಕೆ ಸಮಯ ಸಾಲದು, ವಿಡಿಯೊಗೆ ಉದ್ದೇಶ ಸಾಲದು ಎಂದು ಇಬ್ಬರಿಗೂ ಸ್ಟಾಫ್ ರೂಮಿನಲ್ಲಿ ಹೊಳೆದ ಮೇಲೆ ಈ ಜೋಡಿ ಕೆಲಸ ಶುರುವಾಯಿತು. ಇದನ್ನು ಯಾವ ತರಬೇತಿಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ ಎಂಬುದನ್ನು ಗೌರವದಿಂದ ದಾಖಲಿಸುತ್ತಿದ್ದೇನೆ.

ಮನೆಗೆ ಏನು ಹೋಗುತ್ತದೆ ಎಂದು ಫೋನಿನಲ್ಲಿ ತೋರಿಸಿದರು. ಆರು ನಿಮಿಷದ ಒಂದು ವಿಡಿಯೊ: ಗುತ್ತಿಗೆಗೂ ಮಾರಾಟಕ್ಕೂ ಏನು ವ್ಯತ್ಯಾಸ, ಪಹಣಿಯಲ್ಲಿ ಯಾರ ಹೆಸರಿರುತ್ತದೆ. ಉಪಗ್ರಹದಿಂದ ತೆಗೆದ ಎರಡು ಚಿತ್ರಗಳು, ಪಾರ್ಕಿಗೆ ಮೊದಲು ಮತ್ತು ಆಮೇಲೆ. ಗಣಿತ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯಲ್ಲಿ ಸಿಗುವ ಪಾಠ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸಿದ್ದು ಒಂದು ಧ್ವನಿಮುದ್ರಣ. ಎರಡು ಪುಟದ ಆ ಹಾಳೆಯನ್ನು ಮೇಷ್ಟ್ರು ನಿಧಾನವಾಗಿ, ತಡೆದು ತಡೆದು, ಗಟ್ಟಿಯಾಗಿ ಓದಿದ್ದಾರೆ.

ಪ್ರಕರಣ ಪದ್ಧತಿಯನ್ನು ಕಟ್ಟಿದವರ ಎದುರಿಗಿದ್ದದ್ದು ಹತ್ತಾರು ಪುಟಗಳನ್ನು ಒಂದೇ ರಾತ್ರಿ ಓದಬಲ್ಲವರು. ಒಂಬತ್ತನೇ ತರಗತಿಗೆ ಬಂದರೂ ಒಂದು ಪುಟ ಓದಲು ತಿಣುಕುವ ಮಗು, ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಓದುವ ಮಗು, ಅವರ ಲೆಕ್ಕದಲ್ಲಿ ಇರಲೇ ಇಲ್ಲ. ತರಗತಿಯಲ್ಲಿ ಹಾಳೆ ಹಂಚಿ ‘ಓದಿ’ ಎಂದರೆ ಆ ಮಗು ತಲೆ ತಗ್ಗಿಸಿಕೊಂಡು ಓದಿದಂತೆ ನಟಿಸುತ್ತದೆ, ಆಮೇಲೆ ಚರ್ಚೆಯಲ್ಲಿ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಆಡಿಯೊ ಮೂರು ಸಲ ಕೇಳಿದ ಮಗುವಿಗೆ ಮಾತ್ರ ಹಾಳೆ ಕೈಗೆ ಬರುವ ಮೊದಲೇ ಕಥೆ ಗೊತ್ತು. ಸಂಯೋಜಿತ ಕಲಿಕೆಯ ಬಗ್ಗೆ ಮಾತಾಡುವಾಗ ದೊಡ್ಡ ಪರದೆ, ಟ್ಯಾಬ್, ಆ್ಯಪ್ ಎಂದೆಲ್ಲ ಹೇಳುತ್ತೇವೆ. ಓದು ನಿಧಾನವಾದ ಮಗುವನ್ನು ವಾದಕ್ಕೆ ಸಮನಾಗಿ ತಂದು ಕೂರಿಸಿದ್ದು ಈ ಹನ್ನೊಂದು ನಿಮಿಷದ ಆಡಿಯೊ. ಇಂಟರ್‌ನೆಟ್ ಇಲ್ಲದವರಿಗೆ ಮೆಮೊರಿ ಕಾರ್ಡಿನಲ್ಲಿ ಹಾಕಿಕೊಟ್ಟರೂ ನಡೆಯುತ್ತದೆ.

ಕೇಳಿಸಿಕೊಂಡು ಬಂದವರು ತರಗತಿಗೆ ಒಂದು ಚೀಟಿ ಕೊಟ್ಟು ಒಳಗೆ ಬರಬೇಕು. ಅದರಲ್ಲಿ ಎರಡೇ ಸಾಲು: ನಾನಾದರೆ ಸಹಿ ಹಾಕುತ್ತೇನೆಯೇ ಇಲ್ಲವೇ, ನನಗೆ ತಿಳಿಯದೆ ಉಳಿದ ಒಂದು ಸಂಗತಿ ಯಾವುದು. ಮೇಷ್ಟ್ರು ಬಾಗಿಲಲ್ಲೇ ನಿಂತು ಚೀಟಿಗಳನ್ನು ಓದಿ ಕೈಯಲ್ಲೇ ಮೂರು ಕಂತೆ ಮಾಡಿಕೊಳ್ಳುತ್ತಿದ್ದರು. ಒಂದು ಚೀಟಿಯಲ್ಲಿ “28 ವರ್ಷ ಆದ್ಮೇಲೆ ಆ ಕಂಬಗಳನ್ನು ಯಾರು ಕೀಳ್ತಾರೆ?” ಎಂದಿತ್ತು. ಅದನ್ನು ಅವರು ಎಲ್ಲಕ್ಕಿಂತ ಮೇಲಿಟ್ಟುಕೊಂಡರು.

ಒಳಗೆ ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳು ನೆಲದ ಮೇಲೆ ಅರ್ಧ ಸುತ್ತಾಗಿ ಕೂತಿದ್ದರು. ಕರಿಹಲಗೆಯ ನಡುವೆ ಒಂದು ಗೀಟು, ಎಡಕ್ಕೆ ‘ಕೊಡುತ್ತೇನೆ’, ಬಲಕ್ಕೆ ‘ಕೊಡುವುದಿಲ್ಲ’. ಮೊದಲ ಮಾತು ಒಬ್ಬ ಹುಡುಗನದು. “ಕೊಡ್ತೀನಿ ಸಾರ್. ಆರು ಎಕರೆಗೆ ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತಾರು ಸಾವಿರ. ಮಳೆ ಬರಲಿ ಬಿಡಲಿ ತಿಂಗಳಿಗೆ ಹತ್ತೂವರೆ ಸಾವಿರ ಬಿದ್ದಂಗೆ. ಬೋರ್ ಕೊರೆಸೋ ಸಾಲ ಇಲ್ಲ, ಹಂದಿ ಕಾಟ ಇಲ್ಲ.” ಗುಣಾಕಾರ, ಭಾಗಾಕಾರ ಮನೆಯಲ್ಲೇ ಮಾಡಿಕೊಂಡು ಬಂದಿದ್ದ. ಹಿಂದಿನಿಂದ ಹುಡುಗಿಯೊಬ್ಬಳು, “ನಿಂಗೆ ತಿಂಗ್ಳಿಗೆ ಹತ್ತೂವರೆ. ಕಾಯಿ ಕೀಳೋಕೆ ಬರೋರಿಗೆ?” ಎಂದಳು. ಕೋಣೆಯಲ್ಲಿ ಗದ್ದಲವಾಯಿತು.

ಇಲ್ಲಿ ಮೇಷ್ಟ್ರು ಮಾಡಿದ್ದ ಒಂದು ಏರ್ಪಾಡನ್ನು ವಿವರವಾಗಿ ಹೇಳಬೇಕು. ಈ ಕೋಣೆಯಲ್ಲಿ ಜಮೀನು ಕೊಟ್ಟವರ ಮಕ್ಕಳಿದ್ದಾರೆ. ಜಮೀನೇ ಇಲ್ಲದವರ ಮಕ್ಕಳಿದ್ದಾರೆ. ಪಾರ್ಕಿನೊಳಗೆ ಹುಲ್ಲು ಕತ್ತರಿಸುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸಕ್ಕೆ ಹೋಗುವವರ ಮಕ್ಕಳಿದ್ದಾರೆ. ಊರಿನಲ್ಲಿ ಜಮೀನು ಯಾರ ಹತ್ತಿರ ಎಷ್ಟಿದೆ ಎಂಬುದು ಜಾತಿಯ ಲೆಕ್ಕವೂ ಹೌದು, ಅದು ಮಕ್ಕಳಿಗೆಲ್ಲ ಗೊತ್ತು. ಇಂಥ ಪ್ರಕರಣವನ್ನು ಸುಮ್ಮನೆ ಚರ್ಚೆಗೆ ಬಿಟ್ಟರೆ ಊರ ಜಗಳ ತರಗತಿಯೊಳಗೆ ಬಂದು ಕೂರುತ್ತದೆ. ಅದಕ್ಕೆ ಅವರು ಮನೆಗೆ ಹೋಗುವಾಗಲೇ ಪಾತ್ರ ಹಂಚಿರುತ್ತಾರೆ. ಜಮೀನಿರುವ ಮನೆಯ ಮಗು ಕೂಲಿ ದಂಪತಿಯ ಪರ ಮಾತಾಡಬೇಕು, ಕೂಲಿ ಮನೆಯ ಮಗು ರೈತನ ಪರ. ಯಾರಿಗೆ ಯಾವುದು ಎಂದು ಹಂಚುವಾಗ ಕಾರಣ ಹೇಳುವುದಿಲ್ಲ. ಮೊದಲಿನ ಹುಡುಗನ ತಂದೆ ತಾಯಿ ಕೂಲಿಗೆ ಹೋಗುವವರು ಎಂದು ನನಗೆ ಆಮೇಲೆ ತಿಳಿಯಿತು.

ಪಾತ್ರದ ಪರ ಮಾತಾಡಲು ಮಾಹಿತಿ ಬೇಕು. ಅದನ್ನು ತರಲು ಮಕ್ಕಳು ಹಿಂದಿನ ಸಂಜೆ ಫೋನ್ ಹಿಡಿದು ಬೀದಿಯಲ್ಲಿ ಮಾತಾಡಿಸಿ ರೆಕಾರ್ಡ್ ಮಾಡಿದ್ದರು. ಒಬ್ಬಳು ತನ್ನ ಬೀದಿಯ ಅಜ್ಜಿಯ ತೆಲುಗು ಮಾತನ್ನು ಕೇಳಿಸಿದಳು, ಸಾಲು ಸಾಲಿಗೆ ಕನ್ನಡದಲ್ಲಿ ಹೇಳಿದಳು: ಮೊದಲು ವರ್ಷಕ್ಕೆ ಇಷ್ಟು ಚೀಲ ಕಾಯಿ ಮನೆಗೆ ಬರುತ್ತಿತ್ತು, ಎಣ್ಣೆ ಆಡಿಸುತ್ತಿದ್ದೆವು, ಹೊಟ್ಟು ದನಕ್ಕಾಗುತ್ತಿತ್ತು, ಈಗ ಎಣ್ಣೆ ಅಂಗಡಿಯಿಂದ, ದನ ಮಾರಿದ್ದಾಯಿತು. ಆ ಕ್ಷಣ ಕರಿಹಲಗೆಯ ಎಡಭಾಗದಲ್ಲಿ ಬರೆದಿದ್ದ 1,26,000ರ ಪಕ್ಕ ಮೇಷ್ಟ್ರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, “ಈ ದುಡ್ಡಲ್ಲಿ ಏನೇನು ಕಳೀಬೇಕು ಹೇಳಮ್ಮ,” ಎಂದರು. ಎಣ್ಣೆ, ಬೇಳೆ, ಹೊಟ್ಟು, ಕುರಿಗೊಬ್ಬರ ಎಂದು ಮಕ್ಕಳೇ ಪಟ್ಟಿ ಕೊಟ್ಟರು. ಪಠ್ಯಪುಸ್ತಕದ ಆದಾಯ ಎಂಬ ಪಾಠ ಇಷ್ಟು ಗಟ್ಟಿಯಾಗಿ ನೆಲಕ್ಕಿಳಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕುರಿ ಮೇಯಿಸುವ ಮುದುಕನ ಪಾತ್ರ ಸಿಕ್ಕ ಹುಡುಗ ಕೊನೆಯವರೆಗೂ ಸುಮ್ಮನಿದ್ದ. ಕೇಳಿದಾಗ, “ನನ್ ಹತ್ರ ಯಾರೂ ಸಹಿ ಕೇಳ್ಲೇ ಇಲ್ಲ ಸಾರ್,” ಎಂದ. ಕರಿಹಲಗೆಯ ಎರಡೂ ಕಾಲಂಗಳಲ್ಲಿ ಅವನಿಗೆ ಜಾಗವಿರಲಿಲ್ಲ. ಮೇಷ್ಟ್ರು ಇನ್ನೊಂದು ಗೀಟು ಎಳೆದರು.

ಗಂಟೆ ಹೊಡೆಯುವ ಮುನ್ನ ಮತ್ತೊಮ್ಮೆ ಚೀಟಿ. ಮನಸ್ಸು ಬದಲಾಯಿಸಿದವರು ಯಾವ ಮಾತಿನಿಂದ ಬದಲಾಯಿತು ಎಂದು ಬರೆಯಬೇಕು. ಸರಿಯುತ್ತರ ಯಾವುದೆಂದು ಮೇಷ್ಟ್ರು ಹೇಳಲಿಲ್ಲ. ಮಕ್ಕಳು ಪಟ್ಟುಹಿಡಿದು ಕೇಳಿದರೂ ಹೇಳಲಿಲ್ಲ. ಇದು ಅವರ ಹಟ ಎಂದು ಸಹೋದ್ಯೋಗಿಗಳು ದೂರುತ್ತಾರಂತೆ. ನನಗೆ ಅವರ ಹಟವೇ ಸರಿಯೆನಿಸಿತು. ಸಹಿ ಹಾಕಿದವರೂ ಹಾಕದವರೂ ಅದೇ ಊರಿನಲ್ಲಿ ಬದುಕುತ್ತಿರುವಾಗ ಶಿಕ್ಷಕನ ಒಂದು ತೀರ್ಪು ಅರ್ಧ ತರಗತಿಯ ಅಪ್ಪ ಅಮ್ಮಂದಿರನ್ನು ದಡ್ಡರನ್ನಾಗಿಸುತ್ತದೆ.

ಮುಂದಿನ ಪಿರಿಯಡ್ಡಿಗೆ ಎಲ್ಲರೂ ಕಂಪ್ಯೂಟರ್ ಕೋಣೆಗೆ. ಗಣಿತದ ಮೇಡಂ ಲಿಬ್ರೆ ಆಫೀಸಿನ ಕ್ಯಾಲ್ಕ್ ತೆರೆಸಿ ಮೊದಲ ಚೌಕದಲ್ಲಿ 21,000 ಹಾಕಿಸಿದರು. ಎರಡು ವರ್ಷದ ನಂತರ 22,050. ನಾಲ್ಕು ವರ್ಷದ ನಂತರ 23,152 ರೂಪಾಯಿ 50 ಪೈಸೆ. ಸೂತ್ರ ಒಮ್ಮೆ ಬರೆದು ಕೆಳಗೆಳೆದರೆ ಕೊನೆಯ ಎರಡು ವರ್ಷಕ್ಕೆ ಎಕರೆಗೆ ಸುಮಾರು 39,599 ಬರುತ್ತದೆ. 28 ವರ್ಷದ ಒಟ್ಟು ಮೊತ್ತ ಎಕರೆಗೆ 8,23,142 ರೂಪಾಯಿ. “ಎಂಟು ಲಕ್ಷ!” ಎಂದು ಕೋಣೆ ಉದ್ಗರಿಸಿತು. ಮೇಡಂ ಏನೂ ಹೇಳದೆ ಪಕ್ಕದ ಕಾಲಂನಲ್ಲಿ ಇನ್ನೊಂದು ಲೆಕ್ಕ ಮಾಡಿಸಿದರು. ಸಾಮಾನಿನ ಬೆಲೆ ವರ್ಷಕ್ಕೆ ಶೇ 5ರಂತೆ ಏರುತ್ತದೆ ಎಂದುಕೊಳ್ಳಿ. ಇಂದು 21,000ಕ್ಕೆ ಸಿಗುವ ಸಾಮಾನಿಗೆ 27ನೇ ವರ್ಷ ಎಷ್ಟು? ಪರದೆಯ ಮೇಲೆ 74,669 ಎಂದು ಬಂತು. ಗುತ್ತಿಗೆಯಲ್ಲಿ ಶೇ 5 ಎರಡು ವರ್ಷಕ್ಕೊಮ್ಮೆ, ಇಲ್ಲಿ ಶೇ 5 ಪ್ರತಿ ವರ್ಷ. ಆಗಿನ 39,599 ರೂಪಾಯಿಗೆ ಈಗಿನ ಬೆಲೆಯಲ್ಲಿ 11,100ರಷ್ಟು ಸಾಮಾನು ಮಾತ್ರ ಬರುತ್ತದೆ ಎಂದು ಭಾಗಾಕಾರ ಮಾಡಿ ತೋರಿಸಿದ ಹುಡುಗಿ ತನ್ನ ಉತ್ತರವನ್ನು ನಂಬಲಾಗದೆ ಮತ್ತೊಮ್ಮೆ ಮಾಡಿದಳು.

ಚಕ್ರಬಡ್ಡಿಯ ಪಾಠವನ್ನು ನಾವೆಲ್ಲ ಯಾರೋ ಒಬ್ಬರು ಬ್ಯಾಂಕಿನಲ್ಲಿಟ್ಟ 10,000 ರೂಪಾಯಿಯ ಲೆಕ್ಕವಾಗಿ ಕಲಿತವರು. ಇಲ್ಲಿ ಅದು ತಂದೆಯ ಸಹಿಯ ಕೆಳಗಿನ ಷರತ್ತಾಗಿ ಬಂದಿದೆ. ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕೆಂದು ಒಬ್ಬ ಹುಡುಗ ಜಗಳ ತೆಗೆದ. ಮಳೆಯಿಲ್ಲದ ವರ್ಷ ಹೊಲದಿಂದ ಬರುವುದು ಸೊನ್ನೆಯಲ್ಲವೇ, ಸೊನ್ನೆಗೆ ಎಷ್ಟು ಏರಿಕೆ ಕೊಟ್ಟರೂ ಸೊನ್ನೆಯೇ ಅಲ್ಲವೇ ಎಂದ. ಅವನ ಮಾತಿಗೆ ಮೇಡಂ ಮೂರನೆಯ ಕಾಲಂ ಮಾಡಿಸಿದರು: ಐದು ವರ್ಷಕ್ಕೆ ಎರಡು ವರ್ಷ ಬೆಳೆ ಕೈಕೊಟ್ಟರೆ? ಗಂಟೆ ಹೊಡೆದರೂ ಆ ಕಾಲಂ ಮುಗಿದಿರಲಿಲ್ಲ. ಮನೆಯ ಕೆಲಸವಾಗಿ ಹೋಯಿತು.

ಮಧ್ಯಾಹ್ನ ಊಟದ ನಂತರ ಸ್ಟಾಫ್ ರೂಮು. ಎಲ್ಲರೂ ಇದನ್ನು ಒಪ್ಪಿಕೊಂಡಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಇದು ಏನು ಮಾಡುತ್ತದೆ ಎಂದು ಒಬ್ಬ ಹಿರಿಯ ಶಿಕ್ಷಕರು ನೇರವಾಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದ್ದರಿಂದಲೇ ಇವರು ವರ್ಷಕ್ಕೆ ನಾಲ್ಕು ಪ್ರಕರಣಕ್ಕಿಂತ ಹೆಚ್ಚು ಮಾಡುವುದಿಲ್ಲ, ಹತ್ತನೇ ತರಗತಿಗೆ ಮಾಡುವುದೇ ಇಲ್ಲ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಹೇಗೂ ಅಂಕ ಕೊಡಬೇಕು. ಚಾರ್ಟ್ ಮಾಡಿಸುವ ಬದಲು ಈ ಚೀಟಿಗಳನ್ನೂ ರೆಕಾರ್ಡಿಂಗುಗಳನ್ನೂ ಅದಕ್ಕೆ ಸೇರಿಸಿಕೊಳ್ಳುತ್ತಾರೆ. ಒಂದು ಪ್ರಕರಣ ಸಿದ್ಧಮಾಡಲು ಇಬ್ಬರ ಎರಡು ಮೂರು ಭಾನುವಾರ ಹೋಗುತ್ತದೆ. ಅಷ್ಟು ಶ್ರಮಕ್ಕೆ ರಜೆಯೂ ಇಲ್ಲ, ಗುರುತೂ ಇಲ್ಲ. ಒಂದು ತಾಲ್ಲೂಕಿನ ಹತ್ತು ಶಾಲೆಗಳು ಒಂದೊಂದು ಪ್ರಕರಣ ಬರೆದು ಹಂಚಿಕೊಂಡರೆ ಯಾರ ಭಾನುವಾರವೂ ಪೂರ್ತಿ ಹೋಗುವುದಿಲ್ಲ. ಕ್ಲಸ್ಟರ್ ಸಭೆಗಳಲ್ಲಿ ಇದಕ್ಕೆ ಒಂದು ಗಂಟೆ ಸಿಗಲೇಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ತಂದೆಯೊಬ್ಬರು ಶಾಲೆಗೆ ಬಂದು ಕೂಗಾಡಿದ್ದೂ ಇದೆಯಂತೆ. ಮಗ ಮನೆಯಲ್ಲಿ ಆಡಿಯೊ ಕೇಳುವಾಗ ಅವರೂ ಕೇಳಿಸಿಕೊಂಡಿದ್ದರು. ತನ್ನ ಕಥೆಯನ್ನೇ ಬರೆದಿದ್ದಾರೆ ಎಂದುಕೊಂಡರು. ಮೇಷ್ಟ್ರು ಅವರನ್ನು ಕೂರಿಸಿ ಹಾಳೆ ಪೂರ್ತಿ ಓದಿ ಹೇಳಿದರು. ಮುಂದಿನ ವರ್ಷದ ಹಾಳೆಯಲ್ಲಿ ಎಕರೆ, ಮಕ್ಕಳ ಸಂಖ್ಯೆ, ಸಾಲದ ವಿವರ ಬದಲಾದವು, ಊರಿನ ಯಾರಿಗೂ ಹೊಂದಬಾರದೆಂದು. ಗಂಡ ಹೆಂಡತಿ ಜೋಡಿಯಾಗಿ ಕೂತು ಆಡಿಯೊ ಕೇಳಿ, ಗುತ್ತಿಗೆ ಪತ್ರ ಪೆಟ್ಟಿಗೆಯಿಂದ ತೆಗೆದು ಮಗಳ ಕೈಯಲ್ಲಿ ಓದಿಸಿದ ಮನೆಗಳೂ ಇವೆ.

ಸಂಜೆ ಮೇಷ್ಟ್ರು, ಮೇಡಂ ಇಬ್ಬರೂ ಮುಂದಿನ ಪ್ರಕರಣದ ಹಾಳೆಗಳನ್ನು ಹರಡಿಕೊಂಡು ಕೂತರು. ಈ ಸಲ ನೀರು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರಿನಲ್ಲಿ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಕಾಯಂ ಹಲ್ಲು ಬೆಳೆಯುವ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಉಳಿಯಬಹುದು. ಪ್ರಕರಣದ ಪ್ರಶ್ನೆ: ಕೆಟ್ಟು ನಿಂತ ಶುದ್ಧ ನೀರಿನ ಘಟಕವನ್ನು ರಿಪೇರಿ ಮಾಡಿಸುವುದೋ, ಅದೇ ಹಣದಲ್ಲಿ ಶಾಲೆ, ಅಂಗನವಾಡಿಯ ಛಾವಣಿಯ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸುವುದೋ? ಇಲ್ಲಿ ಮನೆಯ ಕೆಲಸ ವಿಡಿಯೊ ನೋಡುವುದಷ್ಟೇ ಆಗಲಾರದು. ಮಕ್ಕಳು ಬೀದಿ ಬೀದಿಯ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷಾ ಕಿಟ್ಟಿನಲ್ಲಿ ಬಣ್ಣ ನೋಡಿ, ಅಂಕಿಗಳನ್ನು ನಕ್ಷೆಯ ಮೇಲೆ ಹಾಕಬೇಕು. ವಿಜ್ಞಾನದ ಶಿಕ್ಷಕಿ ಆ ಭಾಗವನ್ನು ವಹಿಸಿಕೊಂಡಿದ್ದಾರೆ.

ತೀರ್ಮಾನ ಮಾಡುವ ಪಾತ್ರ ಯಾರದಾಗಿರಬೇಕು ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಮೇಷ್ಟ್ರು ಗ್ರಾಮ ಪಂಚಾಯಿತಿ ಅಧ್ಯಕ್ಷರ ಕಡೆಯಿಂದ ಬರೆದಿದ್ದರು. ಕರಡನ್ನು ಕೇಳಿಸಿಕೊಂಡ ಇಬ್ಬರು ಮಕ್ಕಳು ಅದು ಸರಿಯಿಲ್ಲ ಎಂದಿದ್ದಾರೆ. ದಿನಾ ವಾಲ್ವ್ ತಿರುಗಿಸುವುದು, ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ತಿಳಿದಿರುವುದು, ಬೈಗುಳ ತಿನ್ನುವುದು ಎಲ್ಲ ನೀರಗಂಟಿಯೇ, ಅವನನ್ನೇ ಹಾಕಿ ಎಂದು ಅವರ ವಾದ. ನೀರಗಂಟಿಗೆ ಹಣ ಖರ್ಚು ಮಾಡುವ ಅಧಿಕಾರವಿಲ್ಲವಲ್ಲ ಎಂದು ಮೇಡಂ ಹೇಳಿದರು. ಅಧ್ಯಕ್ಷರು ಸಭೆಯಲ್ಲಿ ಅವನ ಅಭಿಪ್ರಾಯ ಕೇಳುತ್ತಾರೆ ಎಂದು ಮಾಡಿದರೆ ಆಗುವುದಿಲ್ಲವೇ ಎಂದು ಮೇಷ್ಟ್ರು ಹೊಸ ಹಾಳೆ ತೆಗೆದುಕೊಂಡರು. ಶನಿವಾರ ನೀರಗಂಟಿಯವರನ್ನೇ ಶಾಲೆಗೆ ಕರೆದು, ಮಕ್ಕಳ ಕೈಯಲ್ಲಿ ಮಾತಾಡಿಸಿ, ಆ ರೆಕಾರ್ಡಿಂಗನ್ನೇ ಆಡಿಯೊದ ಮೊದಲಿಗೆ ಹಾಕುವುದೆಂದು ನಿಗದಿಯಾಯಿತು.